ಗುರುವಾರದ ಲಾಳಿ

ಟ್ರಂಕಿನ ಮುಚ್ಚಳ ಎತ್ತುತ್ತಿದ್ದಂತೆ ಗಂಜಿ ಹಚ್ಚಿದ ನೂಲಿನ ವಾಸನೆ ಮಂಗಲಾಳ ಮುಖಕ್ಕೆ ಬಡಿಯಿತು. ಬನಹಟ್ಟಿಯ ತವರಿನಲ್ಲಿ, ಅಪ್ಪನ ಮಗ್ಗದ ಕೆಳಗೆ ಆಡುತ್ತ ಕುಳಿತಾಗಿನ ವಾಸನೆ ಅದು. ಅತ್ತೆ ಶೇವಂತಿ ತಾನೇ ನೇಯ್ದು ಎತ್ತಿಟ್ಟಿದ್ದ ಸೀರೆಯನ್ನು ತೆಗೆದುಕೊಂಡು ಅವಳು ಪಡಸಾಲೆಗೆ ಬಂದಳು.

ಅಲ್ಲಿ ಅತ್ತೆಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ನಸುಕಿನಲ್ಲಿ ಮಲಗಿದ್ದಲ್ಲೇ ಹೋದ ಜೀವ. ಮಾವ ಬಸಗೊಂಡಪ್ಪ ಕಂಬದ ಪಕ್ಕ ಕುಳಿತಿದ್ದ. ಕಣ್ಣಲ್ಲಿ ಹನಿ ಇರಲಿಲ್ಲ. ಬೆಳಗಿನಿಂದ ಆಡಿದ್ದು ಒಂದೇ ಮಾತು, ಅದೂ ನಾಯಿಯ ಬಗ್ಗೆ.

"ಕಾಮಣ್ಣಗ ಫೋನ್ ಹಚ್ರಿ. ಆ ನಾಯಿ ಒಯ್ದು ಹುನ್ನೂರ ಹೊಲದಾಗ ಕಟ್ಟಲಿ."

ಕಾಮಣ್ಣ ಅವನ ಅಕ್ಕನ ಮಗ, ಹುನ್ನೂರಿನವನು.

"ಮಾವಾರ, ಇವತ್ತ ಗುರುವಾರರೀ. ವೃದ್ಧಾಶ್ರಮದಾಗ ಅದರ ದಾರಿ ಕಾಯ್ತಿರ್ತಾರ," ಎಂದಳು ಮಂಗಲಾ.

"ಕರ್ಕೊಂಡ ಹೋಗಾಕಿನ ಹ್ವಾದ್ಲಲ್ಲವಾ. ಇನ್ನ್ಯಾರ ಹೋಗ್ತಾರ?"

ನಾ ಹೋಗ್ತೀನಿ ಎಂಬುದು ಮಂಗಲಾಳ ನಾಲಿಗೆಯವರೆಗೆ ಬಂತು. ಅಷ್ಟು ಜನರೆದುರು ಅಲ್ಲೇ ಉಳಿಯಿತು.

*

ಆರು ವರ್ಷದ ಹಿಂದೆ, ನೂಲಿಗೆ ಬಣ್ಣ ಹಾಕುವ ಶೆಡ್ಡಿನ ಹಿಂದಿನ ಗಟಾರಿನಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ನಾಯಿಮರಿಯನ್ನು ಶೇವಂತಿ ಸೆರಗಿನಲ್ಲಿ ಎತ್ತಿ ತಂದಿದ್ದಳು. ವಾಸಿಯಾದ ಮೇಲೆ ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡುತ್ತಿತ್ತೆಂದು ಲಾಳಿ ಎಂದೇ ಹೆಸರಾಯಿತು. ಔಷಧ ಮಾಡಿದ ಜಮಖಂಡಿಯ ದನದ ಡಾಕ್ಟರು, "ಭಾಳ ಶಾಂತ ಐತ್ರಿ ಇದು. ವೃದ್ಧಾಶ್ರಮಕ್ಕ ಕರ್ಕೊಂಡ ಹೋಗ್ರಿ, ಮುದುಕರ ಜೀವಕ್ಕ ಹಗುರ ಆಗತೈತಿ," ಎಂದು ಇಬ್ಬರಿಗೂ ನಾಲ್ಕು ತಿಂಗಳು ಕಲಿಸಿದರು. ಶೇವಂತಿ ನೇಯ್ದ ಉದ್ದನೆಯ ಹಸಿರು ಪಟ್ಟಿ ಕೊರಳಿಗೆ ಬಿದ್ದರೆ ಕೆಲಸ, ಬಿಚ್ಚಿದರೆ ಆಟ. ಅಷ್ಟು ಲಾಳಿಗೆ ಗೊತ್ತಿತ್ತು.

ಒಮ್ಮೆ ಮಂಗಲಾ ಜೊತೆಗೆ ಹೋಗಿದ್ದಳು. ಮಾದೇವಿ ಎಂಬ ಮುದುಕಿಗೆ ಲಕ್ವ ಹೊಡೆದು ಕೈ ಮುಷ್ಟಿಯಾಗಿತ್ತು. ಲಾಳಿ ಆ ಮುಷ್ಟಿಯ ಕೆಳಗೆ ತಲೆ ತೂರಿಸಿ ಸುಮ್ಮನೆ ನಿಂತಿತು. ಮಂಗಲಾ ಏನೋ ಹೇಳಹೋದಳು.

"ಮಾತಾಡಬ್ಯಾಡವಾ," ಎಂದಳು ಶೇವಂತಿ. "ನಮ್ದೇನೂ ಕೆಲಸಿಲ್ಲ ಇಲ್ಲಿ. ಜತಿಗಿ ಕುಂದ್ರೂದಷ್ಟ."

ಊಟದ ಗಂಟೆ ಹೊಡೆಯುವ ಹೊತ್ತಿಗೆ ಎರಡು ಬೆರಳು ಬಿಚ್ಚಿದ್ದವು.

ಮನೆಗೆ ಬಂದರೆ ಬಸಗೊಂಡಪ್ಪನದು ಒಂದೇ ತಕರಾರು: "ನಾಯಿ ಮುಟ್ಟಿದ ಕೈಲೆ ನನಗ ಚಾ ತರಬ್ಯಾಡ." ಶೇವಂತಿ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದು ಚಹಾ ತರುತ್ತಿದ್ದಳು. ಅವನು ಆ ನಾಯಿಯನ್ನು ಒಮ್ಮೆಯೂ ಮುಟ್ಟಿದವನಲ್ಲ.

*

ಟೆಂಪೋ ತಂದ ಕಾಮಣ್ಣ ಹಗ್ಗ ಕೇಳಿದ. ಮಂಗಲಾಳ ಗಂಡ ಅಮಿತ, ಮಗ್ಗದ ಕೋಣೆಯ ಗೂಟದಲ್ಲಿದ್ದ ಹಸಿರು ಪಟ್ಟಿಯನ್ನೇ ಲಾಳಿಯ ಕೊರಳಿಗೆ ಕಟ್ಟಿದ. ತಾಯಿಯ ಜೊತೆ ಒಂದು ಗುರುವಾರವೂ ಹೋಗದವನಿಗೆ ಅದು ಬರಿಯ ಅರಿವೆ.

"ಏನಲೇ ಅಮಿತ, ಬೀಗರ ಊರಿಗೆ ಹೊಂಟಂಗ ಸಿಂಗಾರ ಮಾಡಿದಿ!" ಎಂದ ಕಾಮಣ್ಣ.

ಅಷ್ಟರಲ್ಲಿ ಲಾಳಿ ಅವನ ಕೈ ತಪ್ಪಿಸಿಕೊಂಡು ಪಡಸಾಲೆಗೆ ನಡೆಯಿತು. ಬೊಗಳಲಿಲ್ಲ, ಓಡಲಿಲ್ಲ. ರಾಗ ತೆಗೆದು ಅಳುತ್ತಿದ್ದ ಪಕ್ಕದ ಮನೆಯ ರಾಜೇಶ್ವರಿಯ ಮುಂದೆ ಕುಳಿತು, ಮಡಿಲಲ್ಲಿ ತಲೆ ಇಟ್ಟಿತು.

"ಅಯ್ಯ, ಹಚಾ! ಇದೇನ ಬೇ ಇದು!" ಎಂದವಳು ರಾಗ ಮರೆತು, ಸದ್ದಿಲ್ಲದೆ ಕಣ್ಣೊರೆಸಿಕೊಂಡಳು.

ಅಲ್ಲಿಂದ ಲಾಳಿ ಬಸಗೊಂಡಪ್ಪನ ಮುಂದೆ ಬಂದು ಕುಳಿತಿತು. ದೂಡಲೆಂದು ಅವನು ಕೈ ಎತ್ತಿದ. ಅದು ಅವನ ಮೊಣಕಾಲಿನ ಮೇಲೆ ಗದ್ದ ಊರಿತು. ಎತ್ತಿದ ಕೈ ಎಷ್ಟೋ ಹೊತ್ತು ಹಾಗೇ ಇದ್ದು, ಮೆಲ್ಲಗೆ ಅದರ ತಲೆಯ ಮೇಲೆ ಇಳಿಯಿತು.

"ನಿನ್ನಿ ಎದಿ ಒತ್ತತೈತಿ ಅಂದ್ಲು," ಎಂದ, ನಾಯಿಗೆ ಹೇಳುವಂತೆ. "ಪಿತ್ತ ಇರಬೇಕು, ಮಲ್ಕೋ ಅಂದೆ ನಾ."

ಮಂಗಲಾ ಸಮಾಧಾನ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿ, ಪಟ್ಟಿಯ ತುದಿ ಹಿಡಿದು ಪಕ್ಕದಲ್ಲಿ ಕುಳಿತಳು. ಮುದುಕನ ಹೆಗಲು ಅಲುಗತೊಡಗಿತು.

*

ಮಣ್ಣು ಮುಗಿಸಿ ಬಂದಾಗ ಹೊತ್ತು ಇಳಿದಿತ್ತು. ಆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲವಾಗಿ ರಾಜೇಶ್ವರಿ ರೊಟ್ಟಿ, ಕಡಲೆಹಿಟ್ಟಿನ ಝುಣಕದ ಬುಟ್ಟಿ ತಂದಿಟ್ಟಿದ್ದಳು. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು. ಕಾಮಣ್ಣ ಮಾತಿಲ್ಲದೆ ಲಾಳಿಯ ಪಟ್ಟಿ ಹಿಡಿದು ಹೊರಟ.

"ಮಾವಾರ," ಎಂದಳು ಮಂಗಲಾ. "ಮುಂದಿನ ಗುರುವಾರ ನಾ ಹೋಗ್ತೀನ್ರಿ."

ಬಸಗೊಂಡಪ್ಪ ಎದ್ದು ಬುಟ್ಟಿಯಿಂದ ನಾಲ್ಕು ರೊಟ್ಟಿ ತೆಗೆದ. ನಡುವೆ ಝುಣಕ ಇಟ್ಟು, ಅರಿವೆಯಲ್ಲಿ ಕಟ್ಟಿ, ಅಂಗಳಕ್ಕೆ ಇಳಿದ. ಕಾಮಣ್ಣನ ಕೈಯಿಂದ ಪಟ್ಟಿ ಬಿಡಿಸಿಕೊಂಡು, ಖಾಲಿಯಾದ ಆ ಕೈಯಲ್ಲಿ ಬುತ್ತಿ ಇಟ್ಟ.