ತೂತಿನ ಮಡಕೆಯ ದಾರಿ

ಆ ಮಡಕೆಯನ್ನು ಅಸಾಬಿ ನೋಡಿರಲಿಲ್ಲ. ನೋಡುವ ಹಾಗೂ ಇರಲಿಲ್ಲ. ಹಳೇ ಊರಿನ ಕುಸಿದ ಕೋಟೆಗೋಡೆ ದಾಟಿದ ಮೇಲೆ, ತೊರೆಯ ಪಕ್ಕದ ಕಾಲುದಾರಿಯಲ್ಲಿ ಎಲ್ಲೋ ಒಂದು ಮಡಕೆ ಇದೆ, ಅದು ಓರೊ ದೇವರದು, ಅಲ್ಲಿಗೆ ಹೆಣ್ಣು ಕಾಲಿಡಬಾರದು ಎಂದು ಅವಳು ಅರಣ್ಯದ ಕಾವಲುಠಾಣೆಗೆ ಕೆಲಸಕ್ಕೆ ಬಂದ ಮೊದಲ ದಿನವೇ ಬಾಬಾ ಒಡೆಜಿಮಿ ಹೇಳಿಬಿಟ್ಟಿದ್ದರು. ಬಾಬಾ ಠಾಣೆಗೆ ಹಿರಿಯರು, ಬೇಟೆಗಾರರ ಮನೆತನದವರು. ಓರೊ ಮೆರವಣಿಗೆ ಹೊರಟ ದಿನ ಹೆಂಗಸರೆಲ್ಲ ಬಾಗಿಲು ಹಾಕಿಕೊಂಡು ಒಳಗಿರುವುದನ್ನು ಹುಟ್ಟಿದಾಗಿನಿಂದ ಕಂಡವಳು ಅಸಾಬಿ, ಎದುರು ಮಾತಾಡಲಿಲ್ಲ. ಆ ಅಭ್ಯಾಸವೂ ಅವಳಿಗಿರಲಿಲ್ಲ. ಪ್ರಾಣಿಶಾಸ್ತ್ರದ ಪದವಿಗೆ ಮೌಖಿಕ ಪರೀಕ್ಷೆ ಕೊಟ್ಟಾಗಲೂ ಅರ್ಧ ಉತ್ತರ ಗಂಟಲಲ್ಲೇ ಉಳಿದಿತ್ತು.

ಆದರೆ ಒಣಗಾಳಿಯ ಕಾಲ ಬಂದು ಕಾಡಿನ ಹೊಂಡಗಳೆಲ್ಲ ಬತ್ತಿದ ಮೇಲೆ ಕಾಡೆಮ್ಮೆಗಳು ಇಳಿಯುವುದು ಅದೇ ತೊರೆಗೆ. ಕದ್ದು ಬೇಟೆಯಾಡುವವರು ಬರುವುದೂ ಅಲ್ಲಿಗೇ. ಅವಳ ಸರದಿಯ ಗಸ್ತು ಕೂಡ ಜೊತೆಯ ಕಾವಲುಗಾರ ಲಮಿಡಿಯ ತಲೆಗೆ ಬಿತ್ತು. ಅವನು ಗೊಣಗಿದ ಸುದ್ದಿ ಮೇಲಿನವರಿಗೂ ಮುಟ್ಟಿತು. ಎಲ್ಲ ದಾರಿಯಲ್ಲೂ ನಡೆಯಲಾಗದವಳು ಕಾಡಿನಲ್ಲಿದ್ದು ಏನು ಪ್ರಯೋಜನ, ತಿಂಗಳು ತುಂಬಿದ ಕೂಡಲೇ ಗೇಟಿಗೆ ಬಂದು ಟಿಕೆಟು ಹರಿಯಲಿ ಎಂದು ಉತ್ತರ ಬಂತು. ಅಂದಿನಿಂದ ಅಸಾಬಿಗೆ ಊಟ ರುಚಿಸುತ್ತಿರಲಿಲ್ಲ. ಈ ಕೆಲಸಕ್ಕಾಗಿ ಅವಳು ಮನೆಯವರ ಕಣ್ಣೀರು ದಾಟಿ ಬಂದಿದ್ದಳು.

ಆ ಬೆಳಿಗ್ಗೆ ಲಮಿಡಿ ಗಸ್ತು ಮುಗಿಸಿ ಬಂದು, ಗರಿ ಎಂಬ ಮರಗೆಣಸಿನ ಹಿಟ್ಟನ್ನು ನೀರಲ್ಲಿ ನೆನೆಹಾಕಿ, ಮೇಲೆ ಕಡಲೆಕಾಯಿ ಉದುರಿಸಿಕೊಂಡು ಕೂತ.

"ಇನ್ಮೇಲೆ ಫ್ಯಾನ್ ಕೆಳಗೆ ಕೂರ್ತೀಯ ತಾಯಿ, ಕರೆಂಟ್ ಇದ್ರೆ," ಎಂದ. ಆಮೇಲೆ ಬಾಬಾ ಕಡೆ ತಿರುಗಿ, "ಗೆದ್ದಲು ತಿನ್ನೋ ಆ ಉದ್ದಮೂತಿ ಮತ್ತೆ ಬಂದಿತ್ತು ಬಾಬಾ. ಬಿಲ ತೋಡಿ ತೋಡಿ ಮಡಕೇನ ಓರೆ ಮಾಡಿದೆ. ಬುಡ ಕಾಣ್ತಿದೆ, ತೂತು ಪೂರಾ."

"ಹೆಣ್ಮಗಳ ಎದುರಿಗೆ ಅದನ್ನೆಲ್ಲ ಆಡ್ಬೇಡ," ಎಂದರು ಬಾಬಾ.

ಬುಡದಲ್ಲಿ ತೂತು. ಅಸಾಬಿಯ ಕೈ ಚಮಚದ ಮೇಲೆ ನಿಂತಿತು. ತವರೂರು ಓಶೊಗ್ಬೊದಲ್ಲಿ ಅವಳ ತಾಯಿ ಬಟ್ಟೆಗೆ ನೀಲಿ ಬಣ್ಣ ಹಾಕುವವಳು. ಅಂಗಳದಲ್ಲಿ ಮಡಕೆಯ ಮೇಲೆ ಮಡಕೆ. ಮೇಲಿನದರ ಬುಡಕ್ಕೆ ತೂತು, ತೂತಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಸುಟ್ಟ ಬೂದಿಯುಂಡೆಯ ಪುಡಿ. ನೀರು ಹೊಯ್ದರೆ ಬೂದಿನೀರು ತೊಟ್ಟು ತೊಟ್ಟಾಗಿ ಕೆಳಗಿನ ಮಡಕೆಗೆ ಇಳಿಯುತ್ತದೆ. ಅದರಲ್ಲಿ ನೀಲಿಸೊಪ್ಪು ಕೊಳೆಯಬೇಕು. ಆ ತೊಟ್ಟಿನ ಸದ್ದು ಕೇಳುತ್ತಲೇ ಅವಳು ನಿದ್ದೆ ಹೋಗಿ ಬೆಳೆದವಳು.

ಅವಳು ಎದ್ದುಹೋಗಿ ಬಾಬಾ ಮುಂದೆ ಮಂಡಿಯೂರಿದಳು.

"ಬಾಬಾ, ಮಡಕೆ ವಿಷಯ ನಾನು ಕೇಳಲ್ಲ. ಆ ಪ್ರಾಣಿ ತೋಡಿದ ಮಣ್ಣಿನ ವಿಷಯ ಕೇಳ್ಬಹುದಾ? ಪ್ರಾಣಿ ನೋಡೋದು ನನ್ನ ಕೆಲಸ ತಾನೆ."

ಲಮಿಡಿಗೆ ನಗು ಬಂದು ಗರಿ ನೆತ್ತಿಗೇರಿತು. ಬಾಬಾ ಅವಳ ಕಡೆ ತಿರುಗಿದರು. "ಮಣ್ಣಿಗೇನಂತೆ, ಕೇಳು."

"ಯಾವ ಬಣ್ಣ ಇತ್ತು?"

"ಮೇಲೆ ಕೆಂಪು. ಒಳಗಿಂದ ಎತ್ತಿ ಹಾಕಿದ್ದು ಬೂದುಗಪ್ಪು," ಎಂದ ಲಮಿಡಿ. "ಮಧ್ಯೆ ಮಧ್ಯೆ ಬಿಳೀ ಉಂಡೆ, ಮುಷ್ಟಿ ಗಾತ್ರದ್ದು. ಸುಟ್ಟಂಗೆ ಗಟ್ಟಿ."

"ಚೂರು ಏನಾದ್ರೂ ಸಿಕ್ತಾ ಅಣ್ಣ?"

ಇದಕ್ಕೆ ಬಾಬಾ ತಾವೇ ಉತ್ತರ ಕೊಟ್ಟರು. ಅವರ ದನಿಯಲ್ಲಿ ಹೆಮ್ಮೆಯಿತ್ತು. "ಅಲ್ಲಿನ ಚೂರಿನ ಒಳಮೈಯೆಲ್ಲ ನೀಲಿ ಮಗಳೇ. ನಮ್ಮಜ್ಜನ ಅಜ್ಜ ಆ ಊರು ಬಿಟ್ಟು ಓಡಿಬಂದದ್ದು. ಅವತ್ತಿಂದ ಮಳೆ ಹೊಡೆದಿದೆ, ಕಾಡ್ಗಿಚ್ಚು ಹಾದಿದೆ, ನೀಲಿ ಹಾಗೇ ಇದೆ. ದೇವರಿಲ್ದೆ ಬಣ್ಣ ನಿಲ್ಲುತ್ತಾ?"

"ನಮ್ಮಮ್ಮನ ಕೈಯೂ ಹಂಗೇ ಬಾಬಾ," ಎಂದಳು ಅಸಾಬಿ ನೆಲ ನೋಡುತ್ತ. "ಎಷ್ಟು ತೊಳೆದ್ರೂ ಹೋಗಲ್ಲ."

ಶುರು ಮಾಡಿದ್ದನ್ನು ಮುಗಿಸದೆ ವಿಧಿಯಿರಲಿಲ್ಲ. "ಬಣ್ಣದ ಮಡಕೆ ಹತ್ರ ಅಮ್ಮ ಗಂಡಸರನ್ನ ಬಿಡಲ್ಲ. ಗಂಡಸು ಇಣುಕಿದ್ರೆ ನೀಲಿ ಕೆಡುತ್ತೆ ಅಂತಾಳೆ. ನಮ್ಮಪ್ಪ ಊಟ ಕೇಳೋದೂ ಬೇಲಿ ಆಚೆಯಿಂದಾನೇ."

ಲಮಿಡಿ ಬಟ್ಟಲು ಕೆಳಗಿಟ್ಟ. "ಅಂದ್ರೆ ಬಾಬಾ, ಇಷ್ಟು ವರ್ಷ ನೀವು ಟೋಪಿ ತೆಗೆದು, ಕೋಲಾ ಬೀಜ ಇಟ್ಟು, ಬಗ್ಗಿದ್ದು ಯಾವ್ದೋ ಅಜ್ಜಿ ಬೂದಿ ಸೋಸೋ ಗಡಿಗೆಗಾ?"

"ನೀನೂ ಬಗ್ತಿದ್ದೆ."

"ನಾನು ನಮಾಜು ಮಾಡೋನು ಬಾಬಾ. ನಾನು ಬೂಟಿನ ದಾರ ಕಟ್ಕೊಳ್ತಿದ್ದೆ."

"ದಿನಾ ಅದೇ ಜಾಗದಲ್ಲಿ ಬಿಚ್ಕೊಳ್ತಿತ್ತಾ ನಿನ್ನ ದಾರ?"

ನಗು ಬಾಬಾ ತುಟಿಯ ತನಕ ಬಂದು ಅಲ್ಲೇ ನಿಂತಿತು. "ಅದನ್ನ ನನಗೆ ತೋರಿಸಿದ್ದು ನಮ್ಮಪ್ಪ," ಎಂದರು ಮೆಲ್ಲಗೆ. "ನಿನ್ನ ಮಾತು ತಪ್ಪಾದ್ರೆ ಅದು ನಿನ್ನ ತಲೆಗೆ ಬರುತ್ತೆ ಅಸಾಬಿ. ಸರಿಯಾದ್ರೆ ನಮ್ಮ ತಲೆಗೆ, ಹೆಂಗಸರ ಅಂಗಳದಲ್ಲಿ ಓಡಾಡಿದವರು ನಾವು. ಎರಡರಲ್ಲಿ ಯಾವುದಾದ್ರೂ ನಾನು ಜೊತೆಗೆ ಬರೋ ಹಾಗಿಲ್ಲ. ಹೋಗೋದಾದ್ರೆ ಒಬ್ಬಳೇ ಹೋಗು."

ಮರುದಿನ ಬಿಸಿಲೇರುವ ಮೊದಲೇ ಅವಳು ಹೊರಟಳು. ಧೂಳಿನ ಗಾಳಿಗೆ ಸೂರ್ಯ ಹಾಲಿನ ಕೆನೆಯ ಹಾಗೆ ಮಸುಕಾಗಿದ್ದ. ಕೋಟೆಗೋಡೆ ಈಗ ಬರೀ ಮಣ್ಣಿನ ದಿಬ್ಬ. ಅದರ ಮೇಲೆ ಕುಳಿತಿದ್ದ ಕೆಂಚು ಕೋತಿಗಳು ಅವಳನ್ನು ಕಂಡು ಹುಲ್ಲಿಗೆ ಇಳಿದವು. ತೊರೆಯ ದಾರಿ ಕವಲೊಡೆಯುವಲ್ಲಿ ಕಾಲು ನಿಂತುಬಿಟ್ಟಿತು. ಬೂದುಮಣ್ಣು ಅಡುಗೆ ಒಲೆಯದೂ ಆಗಿರಬಹುದು. ನೀಲಿಯನ್ನು ಓರೊ ಗುಡಿಯವರೂ ಬಳಿದಿರಬಹುದು. ಇಲ್ಲೇ ಒಂದಿಷ್ಟು ಹೊತ್ತು ಕೂತು ವಾಪಸು ಹೋಗಿ, ನೋಡಿದೆ ಅಂದರೆ ಸುಳ್ಳೆಂದು ಹೇಳುವವರು ಯಾರು? ಅವಳು ಕೊರಳಿನ ತಾಯತ ಮುಟ್ಟಿಕೊಂಡಳು. ಆದರೆ ಅಲ್ಲಿ ಏನಿದೆ ಎಂದು ತಿಳಿಯದೆ ಇನ್ನೊಂದು ದಿನ ಕಳೆಯುವುದು ಆ ಭಯಕ್ಕಿಂತ ಕಷ್ಟವೆನಿಸಿತು.

ಮಡಕೆ ಓರೆಯಾಗಿ ಕೂತಿತ್ತು, ಹುಲ್ಲಿನ ನಡುವೆ, ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದು. ಕುಕ್ಕರಗಾಲಲ್ಲಿ ಕೂತು ತೂತಿನಲ್ಲಿ ಬೆರಳಾಡಿಸಿದಳು. ಅಂಚು ನುಣ್ಣಗಿತ್ತು. ಒಡೆದು ಬಿದ್ದ ತೂತಲ್ಲ. ಸುಡುವ ಮೊದಲೇ, ಹಸಿ ಜೇಡಿಯಲ್ಲಿ ಯಾರೋ ಬೆರಳಿಟ್ಟು ತಿರುವಿದ್ದರು. ಬಿಲದೊಳಕ್ಕೆ ಬಗ್ಗಿದಳು. ಕೆಳಗೆ ಹೂತ ಇನ್ನೊಂದು ಮಡಕೆಯ ಬಾಯಿ, ಅದರಾಚೆ ಮತ್ತೊಂದು, ಸಾಲಾಗಿ. ಒಂದಕ್ಕೂ ಮತ್ತೊಂದಕ್ಕೂ ನಡುವೆ ಒಬ್ಬಳು ಕಾಲು ಚಾಚಿ ಕೂರುವಷ್ಟು ಜಾಗ. ಅವಳ ಮನೆಯಲ್ಲೂ ಅಷ್ಟೇ ಜಾಗ.

ಬಣ್ಣದ ಅಂಗಳಕ್ಕೆ ಹೋದವರು ಮೊದಲು ಹೇಳಬೇಕಾದ ಮಾತೊಂದಿದೆ. ಹೇಳದೆ ಒಳಗೆ ಬಂದರೆ ಅಮ್ಮ ಬೈಯುತ್ತಾಳೆ. "ನೀಲಿ ಕಡುವಾಗಿ ಹಿಡೀಲಿ," ಎಂದಳು ಅಸಾಬಿ, ಗಟ್ಟಿಯಾಗಿಯೇ. ತೊರೆಯ ಕಡೆಯಿಂದ ಬುಸ್ಸೆಂಬ ಉಸಿರು ಕೇಳಿ ಅವಳು ತಿರುಗಿದಳು. ಕಾಡೆಮ್ಮೆಗಳು. ಅವಳು ಹುಲ್ಲಿಗೆ ಒರಗಿ, ತನ್ನ ವಾಸನೆ ಅವಕ್ಕೆ ಮುಟ್ಟದಂತೆ ಗಾಳಿಗೆ ಎದುರಾಗಿ, ತನ್ನ ಕೆಲಸಕ್ಕೆ ಕೂತಳು.

ಠಾಣೆಗೆ ಮರಳಿದಾಗ ಬಾಬಾ ಬಾಗಿಲಲ್ಲೇ ಇದ್ದರು.

"ಕಾಡೆಮ್ಮೆ ಇಳಿದಿದ್ವಾ?"

"ಇಳಿದಿದ್ವು ಬಾಬಾ. ಎರಡರ ಜೊತೆ ಕರು ಇತ್ತು. ಮನುಷ್ಯರ ಹೆಜ್ಜೆ ಕಾಣಲಿಲ್ಲ."

ಅವರು ತಲೆಯಾಡಿಸಿದರು. ಮೇಲಿನವರಿಗೆ ಹೇಳಿಕಳಿಸ್ತೀನಿ, ತೊರೆಯ ದಾರಿ ಗಂಡಸರಿಗೆ ಆಗೋದಲ್ಲ, ಅಸಾಬಿ ಇಲ್ಲೇ ಇರಬೇಕು ಅಂತ, ಎಂದು ಅವಳ ಮುಖ ನೋಡದೆಯೇ ಹೇಳಿ ಒಳಗೆ ಹೋದರು. ಅವಳು ಬೂಟು ಬಿಚ್ಚುತ್ತಿದ್ದಾಗ ಮತ್ತೆ ಹೊರಗೆ ಬಂದರು.

"ಎಷ್ಟು ಮಡಕೆ?"

"ಕಂಡಿದ್ದು ಐದು. ಸಾಲು ಮಣ್ಣೊಳಗೆ ಮುಂದಕ್ಕೂ ಹೋಗಿದೆ."

"ಐದೂ ಒಂದೇ ಮನೇವೋ, ಬೇರೆ ಬೇರೆಯವರವೋ?"

ಅದನ್ನು ಅವಳು ಯೋಚಿಸಿರಲಿಲ್ಲ. "ಗೊತ್ತಿಲ್ಲ ಬಾಬಾ," ಎಂದಳು. "ನಾಳೆ ನೋಡ್ಕೊಂಡು ಬರ್ತೀನಿ."