ಹಿಕ್ಕೆಯ ಪಂಚನಾಮೆ

"ಏ ಕುರಿ ರಂಡಿ, ಅತ್ತ ಸರಿ! ನಿನ್ನ ನೆಳ್ಳು ಕಾಯಿದೆ ಮ್ಯಾಲ ಬೀಳಾಕತ್ತೈತಿ!"

ಬೇಡಗದ ಚಾವಡಿಯಲ್ಲಿ ಫೌಜದಾರ ಗುಡುಗಿದ. ಮಾಳವ್ವ ಸರಿದಳು, ನೆರಳೂ ಪಳಗಿದ ಮರಿಯಂತೆ ಹಿಂದೆಯೇ ಸರಿಯಿತು. ಬೀಗ ಹಾಕಿದ ಕೋಣೆಯಲ್ಲಿ ಅವಳ ಗಂಡ ಜ್ಯೋತೆಪ್ಪನಿದ್ದ.

ಮಿರಜ ಸಂಸ್ಥಾನ ಮುಂಬೈ ಸರಕಾರದಲ್ಲಿ ಕರಗಿ ಎರಡು ತಿಂಗಳು. ರಾಜರ ಕಾಯಿದೆ ಹೋಗಿ ಹೊಸದು ಮೂರು ಪುಸ್ತಕಗಳಾಗಿ ಎತ್ತಿನ ಗಾಡಿಯಲ್ಲಿ ಬಂದಿಳಿದಿತ್ತು. ವಾಡೆಯ ಜಮೀನ್ದಾರ ತಾತ್ಯಾಸಾಹೇಬರು ತಾವೇ ಕರೆಸಿ, ಗೊಬ್ಬರಕ್ಕೆಂದು ತಮ್ಮ ಖಾಲಿ ಹೊಲದಲ್ಲಿ ಮೂರು ದಿನ ಜ್ಯೋತೆಪ್ಪನ ಕುರಿ ಕೂರಿಸಿಕೊಂಡಿದ್ದರು. ಆಮೇಲೆ ಹೊಸ ಮಾಮಲೇದಾರರಿಗೆ ಕಾಣಿಕೆ ಕೊಡಲು ಟಗರು ಕೇಳಿದರು. ಅದು ಬೀರಪ್ಪ ದೇವರಿಗೆ ಬಿಟ್ಟದ್ದು, ಜ್ಯೋತೆಪ್ಪ ಕೊಡಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಫಿರ್ಯಾದಿ ಬಿತ್ತು: ಕೇಳದೆ ಹೊಲ ಹೊಕ್ಕಾನ.

"ಯಾವುದು ಗುನ್ಹೆ, ಎಷ್ಟು ಶಿಕ್ಷೆ, ಅದು ಈ ದಪ್ಪನ ಪುಸ್ತಕ. ಹಿಡಿಯೂದು, ಜಪ್ತಿ ಮಾಡೂದು, ಕೋರ್ಟಿಗೆ ಹಾಕೂದು, ಆ ಕರೇ ಪುಸ್ತಕ. ದನಾ ಕುರಿ ಹೊಕ್ಕರ ಈ ತೆಳ್ಳಂದು," ಎಂದ ಫೌಜದಾರ, ಬೆರಳಿಗೆ ಉಗುಳು ಹಚ್ಚುತ್ತ.

"ನಮ್ಮ ಹಟ್ಟಿಯಂಗನ ಆತಲ್ರಿ. ಹಾಲಗುರಿ ಒಂದ ದಡ್ಡ್ಯಾಗ, ಮರಿ ಒಂದರಾಗ, ಟಗರು ಒಂದರಾಗ. ನನ್ನ ಗಂಡ ಯಾವ ದಡ್ಡ್ಯಾಗ ಅದಾನ್ರಿ?"

"ದಪ್ಪಂದ್ರಾಗ. ಕಲಮು ನಾನ್ನೂರ ನಲವತ್ತೇಳು. ಮೂರ ತಿಂಗಳ."

"ಮುಂದ ಹೊಕ್ಕಿದ್ದು ಕುರಿ, ಅಂವ ಹಿಂದ ಹೋದಾಂವ. ಕುರಿಗೆ ತೆಳ್ಳಂದು, ಅಂವಗ ದಪ್ಪಂದ?"

ಸಿಪಾಯಿ ಪಾಯಪ್ಪ ಕಿಸಕ್ಕೆಂದ. ಕುರ್ಚಿಯಲ್ಲಿದ್ದ ತಾತ್ಯಾಸಾಹೇಬರು ಎಲೆಯಡಿಕೆ ಉಗಿದರು. "ಭಾಡ್ಯಾ, ನಾ ಇವರನ್ನ ಕರದೇ ಇಲ್ಲ!"

"ಕರದಿಲ್ಲಂತ ಬರಕೋರ್ರಿ," ಎಂದಳು ಮಾಳವ್ವ.

ಫೌಜದಾರ ಬರೆದುಕೊಂಡ.

ಹೋದ ವರ್ಷ ಅವಳ ಕಂಬಳಿ ಕಳುವಾಗಿತ್ತು. ಕಳ್ಳ ಸಿಕ್ಕ, ಕಂಬಳಿಯೂ ಸಿಕ್ಕಿತು. ಆದರೆ ಪಂಚನಾಮೆ ಮಾಡಿ, ಮುದ್ದೆಮಾಲು, ಅಂದರೆ ಗುನ್ಹೆಯ ಸಾಕ್ಷಿ ಎಂದು ಚಾವಡಿಯಲ್ಲೇ ಇಟ್ಟುಕೊಂಡರು. ಆ ಚಳಿಗಾಲವಿಡೀ ಅವಳು ಕಾಯಿದೆ ಕಲಿತಿದ್ದಳು.

"ಹಂಗಾರ ಗುನ್ಹೆ ಆದ ಜಾಗಾದಾಗ ಇನ್ನೂರ ಕುರಿ ಹಿಕ್ಕಿ ಬಿದ್ದೈತ್ರಿ. ಮುದ್ದೆಮಾಲು. ಜಪ್ತಿ ಯಾವ ಪುಸ್ತಕದಾಗ ಅಂದ್ರಿ?"

"ಕರೇದು," ಎಂದುಬಿಟ್ಟ ಪಾಯಪ್ಪ.

ಹೊತ್ತು ನೆತ್ತಿಗೇರುವಷ್ಟರಲ್ಲಿ ಹಟ್ಟಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ಹೊಲಕ್ಕಿಳಿದರು. ಬೀರಪ್ಪನ ಹೆಸರು ಹೇಳಿ ಮಾಳವ್ವ ಮೊದಲ ಬುಟ್ಟಿ ಹೊತ್ತು ತಂದು ಮೂರು ಪುಸ್ತಕಗಳ ಎದುರು ಸುರಿದಳು.

ತಾತ್ಯಾಸಾಹೇಬರು ಜಿಗಿದೆದ್ದರು. "ಏ! ನನ್ನ ಗೊಬ್ಬರಾ ಅದು!"

"ಅದನ್ನೂ ಬರಕೋರ್ರಿ ಫೌಜದಾರ ಸಾಹೇಬ್ರ. ಕರದಿಲ್ಲ, ಆದ್ರ ಗೊಬ್ಬರ ಅವರದು."

ಫೌಜದಾರನ ಲೇಖಣಿ ನಿಂತಿತು. ಕೋಣೆಯೊಳಗಿಂದ ಜ್ಯೋತೆಪ್ಪ ಕೆಮ್ಮಿದನೋ ನಕ್ಕನೋ, ತಿಳಿಯಲಿಲ್ಲ. ಬೀಗ ಹಾಗೇ ಇತ್ತು.

"ಬುಟ್ಟಿ ಒಂದು," ಎಂದು ಹೇಳಿ ಮಾಳವ್ವ ಎರಡನೆಯದಕ್ಕೆ ಹೊರಟಳು.