ತಿರುವಿನ ಜೋಳ

ಒಂದು ಗಾಳಿಯಂತ್ರ ನಿಲ್ಲಿಸಲು ಇಪ್ಪತ್ತು ಕೋಟಿ ಬೇಕಂತೆ. ಅದು ನಿಲ್ಲುವ ಎರಡು ಎಕರೆಗೆ ಹೊಲದ ಒಡೆಯ ಶಂಭುಲಿಂಗನಿಗೆ ಮೂವತ್ತು ಲಕ್ಷ. ಭೂಮಿಪೂಜೆ ಮಾಡಿಸಿದ ಮಹಾಂತಯ್ಯನವರಿಗೆ ಐದು ಸಾವಿರ, ಒಂದು ಶಾಲು. ಪೂಜೆಗೆ ಬಂದ ಸಾಹೇಬರಿಗೆ ತಲಾ ಒಂದು ಗೋಡಂಬಿ ಪೊಟ್ಟಣ. ಅದೇ ಹೊಲವನ್ನು ಇಪ್ಪತ್ತಾರು ವರ್ಷದಿಂದ ಪಾಲಿಗೆ ಮಾಡುತ್ತಿದ್ದ ದೇವಕ್ಕನಿಗೆ ಸಿಕ್ಕದ್ದು ಅರ್ಧ ತೆಂಗಿನಕಾಯಿ, ಅದೂ ಕೇರಿಯವರನ್ನು ದೂರ ನಿಲ್ಲಿಸಲು ಕಟ್ಟಿದ ಹಗ್ಗದ ಆಚೆಯಿಂದ ಒಗೆದದ್ದು.

ಕಾಯಿ ಮಣ್ಣಿಗೆ ಬಿತ್ತು.

"ಹಿಡಿಯಾಕ ಬರೂದಿಲ್ಲೇನ ನಿನಗ?" ಎಂದರು ಮಹಾಂತಯ್ಯನವರು. "ಗಾಳಿದೇವ್ರ ಪ್ರಸಾದ ಅದು."

"ಒಗದವರು ನೀವ್ರಿ ಅಯ್ನೋರ. ಗಾಳಿದೇವ್ರ ಆಗಿದ್ರ ಕೈಯಾಗ ಕೊಡತಿದ್ದ," ಎಂದು ದೇವಕ್ಕ ಕಾಯಿಯ ಮಣ್ಣು ಒರೆಸಿ ಉಡಿಯಲ್ಲಿಟ್ಟುಕೊಂಡಳು. ಕಾಯಿ ಏನು ತಪ್ಪು ಮಾಡಿತ್ತು.

ಉಪ್ಪಿನಬೆಟಗೇರಿಯ ಕಡೆಗೆ ಪಾಲು ಅಂದರೆ ಹೀಗೆ: ಬೀಜದಲ್ಲಿ ಅರ್ಧ, ಗೊಬ್ಬರದಲ್ಲಿ ಅರ್ಧ, ರಾಶಿಯಲ್ಲಿ ಅರ್ಧ; ಬೆವರು ಮಾತ್ರ ಪೂರ್ತಿ ಪಾಲಿನವರದು. ಕಾಗದ ಇರುವುದಿಲ್ಲ. ಮಾತೇ ಕಾಗದ, ಮತ್ತು ಮಾತು ಧಣಿಯದು. ಆ ಹೊಲದಲ್ಲಿ ಶಂಭುಲಿಂಗ ಪಾಲು ಕೇಳದಿದ್ದ ವಸ್ತು ಗಾಳಿ ಒಂದೇ. ಈ ವರ್ಷ ಅದನ್ನೂ ಮಾರಿದ.

ಮಾರಾಟ ಮುಗಿದ ಮೇಲೂ ಒಂದು ತೊಡಕು ಉಳಿಯಿತು. ಗಾಳಿಯಂತ್ರದ ಒಂದು ರೆಕ್ಕೆಯೇ ಇನ್ನೂರು ಅಡಿ ಉದ್ದ. ಅದನ್ನು ಹೊತ್ತ ಲಾರಿ ಬಂಡಿದಾರಿಯ ತಿರುವಿನಲ್ಲಿ ತಿರುಗಬೇಕಾದರೆ ದೇವಕ್ಕ ಬೆಳೆದ ಒಂದೂವರೆ ಎಕರೆ ಜೋಳ ಕೊಯ್ದು ಹಾಕಬೇಕು. ಕಂಪನಿಯ ನಿಯಮ ಸ್ಪಷ್ಟವಿತ್ತು: ಭೂಮಿಯ ದುಡ್ಡು ಒಡೆಯನಿಗೆ, ಬೆಳೆಯ ದುಡ್ಡು ಬೆಳೆದವರಿಗೆ. ಬೆಳೆಗೆ ಅರವತ್ತು ಸಾವಿರ.

ಶಂಭುಲಿಂಗನಿಗೆ ಅಮರಗೋಳದ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ, ಗೋಪನಕೊಪ್ಪದಲ್ಲಿ ಎರಡಂತಸ್ತಿನ ಮನೆ. ಮೂವತ್ತು ಲಕ್ಷ ಕಂಡವನಿಗೆ ಅರವತ್ತು ಸಾವಿರ ಕಣ್ಣಿಗೆ ಬೀಳಬಾರದಿತ್ತು. ಆದರೆ ಕಾಳು ಆರಿಸಿ ದೊಡ್ಡವನಾದವನು ಕಾಳು ಬಿಡುವುದಿಲ್ಲ. ಪೂಜೆ ಮುಗಿಯುತ್ತಲೇ ಅವನು ಒಂದು ಕಾಗದ, ಒಂದು ಮಸಿ ಡಬ್ಬಿ ತೆಗೆದ.

"ಇಲ್ಲೆ ಹೆಬ್ಬಟ್ಟ ಒತ್ತ."

"ಏನ ಬರದೈತ್ರಿ ಧಣ್ಯಾರ?"

"ಓದಾಕ ಬರಲಾರದ ರಂಡಿಗೆ ಏನ ಬರದಿದ್ರೇನ?"

"ಓದಾಕ ಬರೂದಿಲ್ಲಂತನ ಕೇಳೇನ್ರಿ. ಬರತಿದ್ರ ಯಾಕ ಕೇಳಲಿ?"

"ನೀ ಈ ಹೊಲದಾಗ ಕೂಲಿಯಾಕಿ ಅಂತ ಬರದೈತಿ. ಎರಡ ಚೀಲ ಜ್ವಾಳ ಕೊಡ್ತೇನಿ. ಒತ್ತ ಸುಮ್ನ."

ಗಂಡ ಬೀರಪ್ಪ ಹಿಂದಿನಿಂದ ಅವಳ ಸೆರಗು ಜಗ್ಗಿದ. "ಒತ್ತಿಬಿಡ. ದೊಡ್ಡವರ ಕೂಡ ನಮಗ್ಯಾಕ."

ದೇವಕ್ಕ ಹೆಬ್ಬೆಟ್ಟು ನೋಡಿಕೊಂಡಳು. "ಎಳ್ಳಮಾಸಿ ವಾರದಾಗ ಬಂತಲ್ರಿ. ಅಮಾಸಿ ಮುಂದ ಬಿತ್ತಿದ ಕೈಗೆ ಕರಿ ಮಸಿ ಹಚ್ಚಬಾರದಂತ. ತೆನಿಗೆ ಕಾಡಿಗಿ ರೋಗ ಬೀಳತೈತಿ. ಹೌದಲ್ರಿ ಅಯ್ನೋರ?"

ಇಂಥ ಶಾಸ್ತ್ರವನ್ನು ಮಹಾಂತಯ್ಯನವರು ಹುಟ್ಟಿದ ಮೇಲೆ ಕೇಳಿರಲಿಲ್ಲ. ಆದರೆ ಸಾಹೇಬರ ಎದುರಿಗೆ ತಮಗೆ ಗೊತ್ತಿಲ್ಲದ ಶಾಸ್ತ್ರ ಒಬ್ಬ ಕೇರಿಯವಳಿಗೆ ಗೊತ್ತಿದೆ ಎಂದು ಒಪ್ಪುವುದು ಹೇಗೆ? "ಐತೈತಿ, ಹಳೇ ಶಾಸ್ತ್ರ ಅದು," ಎಂದು ಶಾಲು ಸರಿಮಾಡಿಕೊಂಡರು. ಶಂಭುಲಿಂಗ ಕಾಗದ ಮಡಚಿದ.

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಮನೆಯಲ್ಲಿ ಮಾಡಿದ ಅಡುಗೆಯನ್ನೆಲ್ಲ ಕಲಸಿ, ಬೆಳೆಯ ಸುತ್ತ ತಿರುಗಿ ಭೂಮಿಗೆ ಉಣ್ಣಿಸುವುದು. ಕಂಪನಿಗೂ ಈ ಹಬ್ಬ ಗೊತ್ತಾಗಿತ್ತು. ಹಿಂದೆ ಆಗಲೇ ನಿಂತಿದ್ದ ಪಕ್ಕದ ಹೊಲದ ಗಾಳಿಯಂತ್ರ, ಮುಂದೆ ಚರಗ ಚೆಲ್ಲುವ ರೈತ ಕುಟುಂಬ. ಇಂಥದೊಂದು ವಿಡಿಯೊ ಬೇಕೆಂದು ಧಾರವಾಡದಿಂದ ಮಾನಸಿ ಎಂಬ ಹುಡುಗಿ ಕ್ಯಾಮೆರಾ ತಂದಿದ್ದಳು.

ರೈತ ಕುಟುಂಬ ಗೋಪನಕೊಪ್ಪದಿಂದ ಕಾರಿನಲ್ಲಿ ಬಂದಿಳಿಯಿತು. ಶಂಭುಲಿಂಗ ಹೊಸ ರುಮಾಲು ಸುತ್ತಿದ್ದ. ಹೆಂಡತಿ ದಾಕ್ಷಾಯಿಣಿ ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು ಎರೆಮಣ್ಣಿಗೆ ಕಾಲಿಟ್ಟಳು. ಒಂದು ಚಪ್ಪಲಿ ಮಣ್ಣಲ್ಲೇ ಉಳಿಯಿತು.

"ಇದನ್ನ ಎಲ್ಲೆ ಒಗಿಬೇಕ್ರಿ?" ಎಂದು ಕಡಬು ಹಿಡಿದು ಕೇಳಿದಳು.

ಮಾನಸಿ ನಾಲ್ಕು ಸಲ ತೆಗೆದಳು. "ಬ್ಯಾಸರಾ ಮಾಡ್ಕೋಬ್ಯಾಡ್ರಿ ಮೇಡಮ್. ನೀವು ಚೆಲ್ಲಿದ್ರ ನಾಯಿಗೆ ಹಾಕಿಧಂಗ ಕಾಣ್ತದ."

"ನನಗ್ಯಾಕ ಇದು? ಚರಗಾ ದುಡದ ಕೈಲೆ ಚೆಲ್ಲಬೇಕು. ನಮ್ಮತ್ತಿನೂ ಹಂಗ ಅಂತಿದ್ರು," ಎಂದು ದಾಕ್ಷಾಯಿಣಿ ಚಪ್ಪಲಿ ಹುಡುಕಲು ಹೋದಳು.

ದೇವಕ್ಕನಿಗೆ ಕರೆ ಬಂತು. ಅವಳು ಬುಟ್ಟಿ ಸೊಂಟಕ್ಕಿಟ್ಟು, "ಹುಲ್ಲುಲ್ಲಿಗ್ಯೋ, ಸಲಾಂಬ್ರಿಗ್ಯೋ" ಎಂದು ಚರಗದ ಕೂಗು ಹಾಕುತ್ತ ತೆನೆಗಳ ನಡುವೆ ನಡೆದಳು. ಬೀರಪ್ಪ ಹಿಂದೆ ನೀರು ಚಿಮುಕಿಸಿದ. ಮಾನಸಿಗೆ ಬೇಕಾದದ್ದು ಒಂದೇ ಸಲಕ್ಕೆ ಸಿಕ್ಕಿತು.

"ಇವರು ಯಾರ್ರಿ ಸರ?" ಎಂದು ಮೈಕು ಹಿಡಿದಳು.

ಕ್ಯಾಮೆರಾ ಕಂಡರೆ ಕೆಲವರಿಗೆ ಕೈ ಧಾರಾಳವಾಗುತ್ತದೆ. ಶಂಭುಲಿಂಗ ಎದೆಯ ಮೇಲೆ ಕೈಯಿಟ್ಟ. "ನಮ್ಮ ದೇವಕ್ಕರಿ. ಇಪ್ಪತ್ತಾರ ವರ್ಷ ಆತು, ಹೊಲ ಆಕಿ ಕೈಯಾಗ ಬಿಟ್ಟೇನಿ. ಬೀಜ ಬಿತ್ತಾಕಿ ಆಕಿ, ರಾಶಿ ಮಾಡಾಕಿ ಆಕಿ. ಬೆಳಿ ಒಳಗ ಅರ್ಧಾ ಆಕಿಗೇ ಕೊಡ್ತೇನಿ. ಮನಿ ಮಗಳಿದ್ದಂಗ ನೋಡ್ರಿ."

ಮನೆ ಮಗಳು ಬದುವಿನ ಮೇಲೆ ಬೇರೆ ಸಾಲಿನಲ್ಲಿ ಕೂತು ಉಂಡಳು. ಎಲೆ ಎತ್ತುವಾಗ ಅವಳಿಗೆ ಧಣಿಯ ಮಾತು ಒಂದೊಂದೇ ನೆನಪಾಗತೊಡಗಿತು.

ಮೂರು ವಾರದ ನಂತರ ಪಂಚಾಯತಿ ಸಭಾಗೃಹದಲ್ಲಿ ಪರಿಹಾರದ ಪಟ್ಟಿ ಓದಿದರು. ಓದಿದವನು ಮಿಲಿಂದ, ಕಂಪನಿಯ ಅಧಿಕಾರಿ, ಪುಣೆಯವನು. ತಿರುವಿನ ಒಂದೂವರೆ ಎಕರೆ ಜೋಳ, ಬೆಳೆದವರು ಶಂಭುಲಿಂಗ. ಹೆಬ್ಬೆಟ್ಟು ಸಿಗದಿದ್ದರೂ ಪಹಣಿಯಲ್ಲಿ ಅವನ ಹೆಸರೇ ಇತ್ತು.

ದೇವಕ್ಕ ಎದ್ದು ನಿಂತಳು. "ಸಾಹೇಬ್ರ, ಅವರ ಅಮಾಸಿ ದಿನ ಬ್ಯಾರೇನ ಹೇಳ್ಯಾರ್ರಿ. ನಿಮ್ಮ ವಿಡಿಯೊ ನೋಡ್ರಿ."

ನೋಡಲು ಯಾರೂ ಎಲ್ಲಿಗೂ ಹೋಗಬೇಕಿರಲಿಲ್ಲ. ಸಭೆಯ ಅಂದಕ್ಕೆಂದು ಕಂಪನಿಯವರು ಅದನ್ನೇ ಗೋಡೆಯ ಪರದೆಯ ಮೇಲೆ ಬಿಟ್ಟಿದ್ದರು. ಶಂಭುಲಿಂಗ ಎದೆಯ ಮೇಲೆ ಕೈಯಿಟ್ಟು, ಬೀಜ ಬಿತ್ತಾಕಿ ಆಕಿ, ರಾಶಿ ಮಾಡಾಕಿ ಆಕಿ, ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಹಿಂದಿನ ಸಾಲಿನ ಪಾಲಿನವರು ನಕ್ಕರು.

"ದೇವಕ್ಕಬಾಯಿ, ಅದು ಪ್ರಚಾರಕ್ಕೆ," ಎಂದ ಮಿಲಿಂದ. "ಪರಿಹಾರಕ್ಕೆ ದಾಖಲೆ ಬೇಕು."

"ಪ್ರಚಾರದಾಗ ಇದ್ದದ್ದು ಸುಳ್ಳೇನ್ರಿ?"

"ಛೇ ಛೇ, ಅದು ಖರೇ."

"ದಾಖಲೆದಾಗ ಇದ್ದದ್ದು?"

ಮಿಲಿಂದ ಚಹಾ ಕುಡಿದ. "ಅದು ಅಧಿಕೃತ."

"ಈ ಹಲ್ಕಟ್ ಹೆಂಗಸನ್ನ ಹೊರಗ ಹಾಕ್ರಿ ಮೊದಲ," ಎಂದ ಶಂಭುಲಿಂಗ. "ಕೂಲಿಯಾಕಿಗೆ ಸಭಾದಾಗ ಏನ ಕೆಲಸ?"

ದೇವಕ್ಕ ತಾನೇ ಹೊರಗೆ ಬಂದಳು. ನೆಟ್ಟಗೆ ಹೊಲಕ್ಕೆ ನಡೆದಳು. ತಿರುವಿನಲ್ಲಿ ರೆಕ್ಕೆ ಹೊತ್ತ ಲಾರಿ ಹಾದಿ ತುಂಬ ಮಲಗಿತ್ತು. ಚಾಲಕ ಅಸ್ಫಾಕ ನೆರಳಲ್ಲಿ ಕೂತಿದ್ದ.

"ಯಾವಾಗ ಕೊಯ್ತೀರಿ ಅವ್ವಾ ಈ ಜ್ವಾಳಾ? ಅಲ್ಲೆ ದೊಡ್ಡ ಕ್ರೇನ್ ಕಾಯಾಕತ್ತೈತಿ. ಸುಮ್ನ ನಿಂತ್ರೂ ದಿನಕ್ಕ ಎರಡ ಲಕ್ಷ ಬಾಡಗಿ ಅದಕ್ಕ."

"ಸುಮ್ನ ನಿಂತ್ರೂ?"

"ಸುಮ್ನ ನಿಂತ್ರೂ."

ದೇವಕ್ಕ ಕೇರಿಯಿಂದ ಬೀರಪ್ಪನನ್ನೂ ಹತ್ತು ಹೆಂಗಸರನ್ನೂ ಕರೆಸಿದಳು. ತಿರುವಿನ ಜೋಳದ ನಟ್ಟನಡುವೆ ಕುಣಿ ತೋಡಿ, ಸಗಣಿಯ ಕುಳ್ಳು ಹೊತ್ತಿಸಿ, ಹಾಲುಗಾಳಿನ ತೆನೆಗಳನ್ನು ಕೆಂಡದಲ್ಲಿ ಸುಟ್ಟು ಬಡಿದು ಸೀತನಿ ಮಾಡಿದರು. ಅಸ್ಫಾಕನಿಗೂ ಶೇಂಗಾ ಚಟ್ನಿಯ ಜೊತೆ ಒಂದು ಬೊಗಸೆ ಬಂತು. ಎರಡು ದಿನ ಯಾರೂ ಏಳಲಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ.

ಎರಡನೆಯ ದಿನ ಶಂಭುಲಿಂಗ ಮಿಲಿಂದನನ್ನು ಕರೆದುಕೊಂಡು ಬಂದ. "ಏಳ ಹಾದರಗಿತ್ತಿ. ಲಾರಿ ಕಾಣವಲ್ದೇನ ನಿನಗ?"

"ನಾ ಕೂಲಿಯಾಕಿ ಅದೇನ್ರಿ ಧಣ್ಯಾರ. ಕೂಲಿಗೆ ಇವತ್ತ ರಜಾ ಮಾಡೇನಿ. ನಿಮ್ಮ ಬೆಳಿ ನೀವ ಕೊಯ್ಕೋರಿ," ಎಂದು ದೇವಕ್ಕ ಕುಡುಗೋಲು ಅವನತ್ತ ಚಾಚಿದಳು.

ಅವನು ಹಿಂದೆ ಸರಿದು, "ಪೊಲೀಸರನ್ನ ಕರಸ್ತೇನಿ," ಎಂದ.

"ಕರಸ್ರಿ," ಎಂದ ಅಸ್ಫಾಕ. "ಅವರೂ ಇದ ಹಾದಿಲೆ ಬರಬೇಕು. ಹಾದಿ ತುಂಬ ನನ್ನ ಗಾಡಿ ಐತ್ರಿ."

ಮಿಲಿಂದ ನಾಲ್ಕು ಲಕ್ಷದ ಬಾಡಿಗೆಯನ್ನೂ ಅರವತ್ತು ಸಾವಿರವನ್ನೂ ಮನಸ್ಸಿನಲ್ಲೇ ತೂಗಿ ನೋಡಿ, ದೂರ ಹೋಗಿ ಪುಣೆಗೆ ಫೋನು ಮಾಡಿದ. ಅರ್ಧ ತಾಸಿನಲ್ಲಿ ಖರೇ ಇದ್ದದ್ದು ಅಧಿಕೃತವಾಯಿತು. ಹೊಸ ಕಾಗದವನ್ನು ದೇವಕ್ಕ ಅವನ ಕೈಯಿಂದ ಓದಿಸಲಿಲ್ಲ, ಅಸ್ಫಾಕನಿಂದ ಓದಿಸಿದಳು, ಎರಡು ಸಲ. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ದೇವಕ್ಕನಿಗೆ ಅರವತ್ತು ಸಾವಿರ ಸಿಕ್ಕಿತು. ಅದನ್ನು ನೋಡಿ ಇನ್ನೂ ಒಂಬತ್ತು ಮಂದಿ ಪಾಲಿನವರು ಪಟ್ಟಿಯಲ್ಲಿ ಹೆಸರು ಬರೆಸಿದರು. ಯುಗಾದಿಗೆ ಶಂಭುಲಿಂಗ ಉಳಿದ ಆರು ಎಕರೆಯನ್ನು ಅವಳಿಂದ ಬಿಡಿಸಿ ಟ್ರ್ಯಾಕ್ಟರಿನವನಿಗೆ ಕೊಟ್ಟ. ಈಗ ಅವಳೂ ಬೀರಪ್ಪನೂ ಪಕ್ಕದೂರಿಗೆ ನಿಜವಾಗಿಯೂ ಕೂಲಿಗೆ ಹೋಗುತ್ತಾರೆ. ಒಂದೂವರೆ ಎಕರೆಗೆ, ಒಂದು ಹಂಗಾಮಿಗೆ, ಬೆಳೆದವಳು ದೇವಕ್ಕ ಎಂದು ಒಂದು ಕಾಗದದಲ್ಲಿದೆ. ಹೊಲ ಹೋಯಿತು.